ಬರ್ತೀನಿ ಎಂಬ ಗುಂಡಿ

ಹಲ್ಲಣ್ಣ ಎಂಬ ಹೆಸರು ಕೇಳಿ, ಹಲ್ಲುಬ್ಬನೋ ಸದಾ ಹಲ್ಲು ಕಿರಿಯುವವನೋ ಇರಬೇಕು ಎಂದುಕೊಂಡು ಬಂದವರು ಅವನನ್ನು ನೋಡಿ ಪೆಚ್ಚಾಗುತ್ತಿದ್ದರು. ಅವನು ನಗುವುದೇ ಅಪರೂಪ. ನಕ್ಕರೂ ತುಟಿ ಬಿಡಿಸದೆ ನಗುತ್ತಿದ್ದ. ಹೆಸರು ಬಂದದ್ದು ಕೆಲಸದಿಂದ: ಅವನು ಹಲ್ಲಿನ ಸೆಟ್ಟು ಕಟ್ಟುವವನು. ಕ್ಲಿನಿಕ್ಕಿನಿಂದ ಯಾರದೋ ಬಾಯಿಯ ಅಚ್ಚು ಬರುತ್ತದೆ. ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣ ಕೂರಿಸಿ, ಒಂದೊಂದೇ ಹಲ್ಲು ನಿಲ್ಲಿಸಿ, ಗುಲಾಬಿ ಬಣ್ಣದ ಒಸಡು ಕಟ್ಟಿ, ಉಜ್ಜಿ ಹೊಳಪು ಬರಿಸಿ ಡಬ್ಬಿಯಲ್ಲಿಟ್ಟು ಕಳಿಸಬೇಕು. ಡಬ್ಬಿಯ ಮೇಲೆ ನಂಬರ್ ಇರುತ್ತದೆ, ಹೆಸರು ಇರುವುದಿಲ್ಲ. ತಾನು ಕಟ್ಟಿದ ಹಲ್ಲಿನಲ್ಲಿ ಯಾರಾದರೂ ನಕ್ಕಿದ್ದನ್ನಾಗಲಿ ಬೈದದ್ದನ್ನಾಗಲಿ ಅವನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಬಸ್ಸಿನಲ್ಲಿ ಎದುರು ಕೂತ ಮುದುಕರು ಆಕಳಿಸಿದರೆ, ತನ್ನದೇ ಇರಬಹುದೇನೋ ಎಂದು ಇಣುಕಿ ನೋಡುತ್ತಿದ್ದ. ಅವರು ಮುಖ ಗಂಟಿಕ್ಕಿಕೊಂಡು ಬಾಯಿ ಮುಚ್ಚುತ್ತಿದ್ದರು.

ಲ್ಯಾಬು ಎಂದರೆ ಒಂದು ಹಳೇ ಕಟ್ಟಡದ ಹಿಂಬದಿಯ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಮಾಲೀಕರ ಮೇಜು ಇತ್ತು, ಮಾಲೀಕರು ಇರುತ್ತಿದ್ದದ್ದು ಕಡಿಮೆ. ಹಿಂದಿನದರಲ್ಲಿ ಹಲ್ಲಣ್ಣ, ಮೇಣ ಕರಗಿಸುವ ದೀಪ, ಉಜ್ಜುವ ಮಷೀನು, ಎಷ್ಟು ಒರೆಸಿದರೂ ಹೋಗದ ಬಿಳೀ ಧೂಳು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಮೆಟ್ಟಿಲು. ಹತ್ತಿ ಇಳಿಯುವವರ ಕಾಲು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮನೆ ಎರಡು ಬೀದಿ ಆಚೆ, ಒಂದೇ ಕೋಣೆ. ಮದುವೆಯ ಮಾತು ಒಂದು ಕಾಲದಲ್ಲಿ ಬಂದು ಬಂದು, ಕೊನೆಗೆ ಆ ಮಾತೇ ಬರುವುದು ನಿಂತಿತು. ಬೇರೆ ಊರಿನಲ್ಲಿದ್ದ ಅಕ್ಕ ಭಾನುವಾರ ಫೋನ್ ಮಾಡುತ್ತಿದ್ದಳು. ಹಲ್ಲಿನ ಡಬ್ಬಿಗಳನ್ನು ಸ್ಕೂಟರಿನಲ್ಲಿ ಕ್ಲಿನಿಕ್ಕುಗಳಿಗೆ ಮುಟ್ಟಿಸುವ ಹೆಂಗಸು, ಎಲ್ಲರೂ ಡಬ್ಬಿಯಮ್ಮ ಎಂದು ಕರೆಯುವವಳು, ಸಂಜೆಯ ಹೊತ್ತಿಗೆ ಬಂದು ಹೋಗುತ್ತಿದ್ದಳು. ಅದು ಬಿಟ್ಟರೆ ದಿನವೆಲ್ಲ ಹಲ್ಲುಗಳ ಜೊತೆ. ಹಲ್ಲುಗಳಿಗೆ ಬಾಯಿಲ್ಲ.

ಇಂಥ ಮನುಷ್ಯನಿಗೂ ಒಬ್ಬರು ಸ್ನೇಹಿತರಿದ್ದರು ಎಂದರೆ ಮಾಲೀಕರು ನಂಬುತ್ತಿರಲಿಲ್ಲ. ಆ ಸ್ನೇಹ ಶುರುವಾದದ್ದು ಒಂದು ಗಿಳಿಯಿಂದ.

ಗಿಳಿ ಎಂದರೆ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಓಡುವ ಒಂದು ತಂತ್ರಾಂಶ. ಅದರ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಗುರುತಿಗೆ ಹಸಿರು ಗಿಳಿಯ ಚಿತ್ರ ಇದ್ದದ್ದರಿಂದ ಎಲ್ಲರೂ ಗಿಳಿ ಎಂದೇ ಕರೆದರು. ಬಾಯಿಯ ಫೋಟೋ, ಹಲ್ಲಿನ ಬಣ್ಣ, ಅಳತೆ ಎಲ್ಲವನ್ನೂ ಕ್ಲಿನಿಕ್ಕಿನವರು ಗಿಳಿಯಲ್ಲಿ ಕಳಿಸುತ್ತಿದ್ದರು, ಲ್ಯಾಬಿನವರು ಅದರಲ್ಲೇ ಉತ್ತರ ಕೊಡುತ್ತಿದ್ದರು. ಅದನ್ನು ಕಟ್ಟಿದ್ದು ಯಾವ ಕಂಪನಿಯೂ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ಕೂತ, ಹೊಟ್ಟೆಪಾಡಿಗೆ ಬೇರೆ ಕೆಲಸವಿದ್ದ ಜನ ಬಿಡುವು ಸಿಕ್ಕಾಗಲೆಲ್ಲ ಸೇರಿ ಕಟ್ಟಿದ್ದು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ಒಳಗೇನಿದೆ ಎಂದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು ಎಂದು ಅದರ ಪರವಾನಗಿಯಲ್ಲೇ ಬರೆದಿತ್ತು. ಹಲ್ಲಣ್ಣನಿಗೆ ಇದೆಲ್ಲ ಗೊತ್ತಿರಲಿಲ್ಲ. ಅವನ ಪಾಲಿಗೆ ಅದು ಮಾಲೀಕರು ಹಾಕಿಸಿಕೊಟ್ಟ ಒಂದು ಸಾಧನ, ಅಷ್ಟೇ.

ಒಂದು ಸಂಜೆ ಅದರ ಪರದೆಯ ಮೇಲೆ 'ನಿಮ್ಮ ಅಧಿವೇಶನವು ಮುಕ್ತಾಯಗೊಂಡಿದೆ' ಎಂದು ಬಂತು. ಡಬ್ಬಿ ಒಯ್ಯಲು ಬಂದ ಡಬ್ಬಿಯಮ್ಮ ಬಗ್ಗಿ ಓದಿದಳು.

"ಯಾವ ಅಧಿವೇಶನ ಅಣ್ಣಾ? ಮಂತ್ರಿಗಳದ್ದಾ?"

ಹಲ್ಲಣ್ಣ ತುಟಿ ಬಿಡಿಸಿ ನಕ್ಕುಬಿಟ್ಟ. ಅವಳು ಹೋದ ಮೇಲೂ ಅದೇ ನೆನಪಾಗಿ ನಗು ಬರುತ್ತಿತ್ತು. ಮಾರನೇ ದಿನ ಊಟದ ಬಿಡುವಿನಲ್ಲಿ ನೋಡಿದರೆ ಆ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಅನುವಾದ ಸರಿಯಿಲ್ಲವೇ? ನೀವೇ ತಿದ್ದಿ' ಎಂದಿತ್ತು. ಒತ್ತಿದ. ಒಂದು ಪುಟ ತೆರೆಯಿತು. ಎಡಕ್ಕೆ ಮೂಲದ ಮಾತು, ಬಲಕ್ಕೆ ನಮ್ಮ ಭಾಷೆಯ ಮಾತು ಬರೆಯಲು ಜಾಗ, ಅದರ ಕೆಳಗೆ 'ಚರ್ಚೆ' ಎಂದು ಇನ್ನೊಂದು ಜಾಗ. ಹೆಸರು ಕೇಳಿದಾಗ 'ಹಲ್ಲು' ಎಂದು ಕೊಟ್ಟು, ಅಧಿವೇಶನವನ್ನು ಅಳಿಸಿ ಹೀಗೆ ಬರೆದ: ಬಹಳ ಹೊತ್ತು ಸುಮ್ಮನಿದ್ದಿರಿ ಮತ್ತೆ ಒಳಗೆ ಬನ್ನಿ.

ಅಲ್ಲಿಯ ಪದ್ಧತಿ ಏನೆಂದರೆ, ಒಬ್ಬರು ಬರೆಯಬೇಕು, ಇನ್ನೊಬ್ಬರು ಓದಿ ಒಪ್ಪಬೇಕು. ಒಪ್ಪಿದರೆ ಮಾತು ಗಿಳಿಯೊಳಗೆ ಹೋಗುತ್ತದೆ, ಇಲ್ಲದಿದ್ದರೆ ಬಾಗಿಲಲ್ಲೇ ಕಾಯುತ್ತದೆ. ಹಲ್ಲಣ್ಣನ ಮಾತು ಕಾಯಬೇಕಾಗಲಿಲ್ಲ. ಮರುದಿನವೇ ಚರ್ಚೆಯ ಜಾಗದಲ್ಲಿ ಯಾರೋ ಬರೆದಿದ್ದರು: "ಚೆನ್ನಾಗಿದೆ. ಆದ್ರೆ 'ಸುಮ್ಮನಿದ್ದಿರಿ' ಆದ್ಮೇಲೆ ಒಂದು ಅಲ್ಪವಿರಾಮ ಬೇಕು."

ಬರೆದವರ ಹೆಸರಿನ ಜಾಗದಲ್ಲಿ ತಲೆಬುಡವಿಲ್ಲದ ಒಂದಷ್ಟು ಅಕ್ಷರ, ಒಂದಷ್ಟು ಅಂಕಿ. ಅದನ್ನು ಓದಿ ಹೇಳುವುದು ಹೇಗೆ? ಹಲ್ಲಣ್ಣ ಅವರಿಗೆ ಮನಸ್ಸಿನಲ್ಲೇ ಅಲ್ಪವಿರಾಮ ಎಂದು ಹೆಸರಿಟ್ಟ. ಅವರು ಗಂಡಸೋ ಹೆಂಗಸೋ ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನಮ್ಮ ಭಾಷೆಯ ಮರ್ಯಾದೆ ಇಂಥ ಕಡೆ ಬಲು ಅನುಕೂಲ. 'ಅವರು' ಎಂದುಬಿಟ್ಟರೆ ಮುಗಿಯಿತು, ಇನ್ನೇನೂ ಕೇಳಬೇಕಾಗಿಲ್ಲ. ಇಬ್ಬರೂ ಪರಸ್ಪರ ಅಷ್ಟು ಮರ್ಯಾದೆ ಇಟ್ಟುಕೊಂಡೇ ವರ್ಷಗಟ್ಟಲೆ ಕಚ್ಚಾಡಿದರು.

ಊಟದ ಬಿಡುವು ಬಂದರೆ ಸಾಕು, ಹಲ್ಲಣ್ಣ ಕೈ ತೊಳೆದು ಪುಟ ತೆರೆಯುತ್ತಿದ್ದ. ಗಿಳಿಯಲ್ಲಿ ಮಾತುಗಳಿಗೇನು ಬರವೇ? ಇವನು ಪಾಸ್‌ವರ್ಡಿಗೆ 'ಗುಪ್ತಪದ' ಎಂದು ಬರೆದರೆ, "ಯಾರನ್ನ ಕೊಲ್ಲೋಕೆ ಹೊರಟಿದ್ದೀರಿ?" ಎಂದು ಅವರ ಪ್ರಶ್ನೆ. ಅವರು ಡಿಲೀಟ್‌ಗೆ 'ಎಸೆ' ಎಂದು ಬರೆದರೆ, "ನಮ್ಮಜ್ಜಿ ಬೈದಂಗಿದೆ, 'ತೆಗೆದುಹಾಕಿ' ಅನ್ನಿ" ಎಂದು ಇವನ ಉತ್ತರ. ಪದಗಳ ಸಂದಿಯಲ್ಲಿ ಅಷ್ಟಿಷ್ಟು ಬದುಕೂ ಸೋರುತ್ತಿತ್ತು. ಇವತ್ತು ನೀರು ಬಂದಿರಲಿಲ್ಲ, ಅದಕ್ಕೆ ತಡವಾಯಿತು ಎಂದು ಅವರು ಬರೆಯುತ್ತಿದ್ದರು. ಒಮ್ಮೆ ಹಲ್ಲಣ್ಣ, ಯಾರೋ ಒಬ್ಬ ಗಿರಾಕಿ ತನ್ನ ಮುಂದಿನ ಹಲ್ಲು ಹುಟ್ಟಿನಿಂದ ಸೊಟ್ಟ, ಸೆಟ್ಟಿನಲ್ಲೂ ಸೊಟ್ಟಗೇ ಕಟ್ಟಿ ಎಂದು ಹೇಳಿ ಕಳಿಸಿದ್ದನ್ನು ಬರೆದ. "ಅವ್ರ ಜೊತೆ ಕೂತು ಒಂದು ಸಲ ಕಾಫಿ ಕುಡೀಬೇಕು ನಾನು" ಎಂದು ಉತ್ತರ ಬಂತು. ಅದನ್ನು ಓದಿ ಹಲ್ಲಣ್ಣನಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ತನ್ನ ಜೊತೆ ಕಾಫಿ ಕುಡಿಯಬೇಕು ಎಂದು ಅವರು ಬರೆದಿರಲಿಲ್ಲ. ತಾನಾದರೂ ಕೇಳಬಹುದಿತ್ತು, ಎಲ್ಲಿರುತ್ತೀರಿ, ಯಾರು ನೀವು ಎಂದು. ಕೇಳಿದರೆ ಎಲ್ಲಿ ಆ ಪುಟದಿಂದ ಎದ್ದು ಹೋಗುತ್ತಾರೋ ಎಂಬ ಹೆದರಿಕೆಯಿಂದ ಕೇಳಲಿಲ್ಲ.

ದೊಡ್ಡ ಜಗಳ ಆದದ್ದು ಒಂದು ಗುಂಡಿಯ ಮೇಲೆ. ಕೆಲಸ ಮುಗಿಸಿ ಗಿಳಿಯನ್ನು ಮುಚ್ಚಲು ಪರದೆಯ ಮೂಲೆಯಲ್ಲೊಂದು ಗುಂಡಿ ಇತ್ತು. ಹಲ್ಲಣ್ಣ ಅದಕ್ಕೆ 'ನಿರ್ಗಮನ' ಎಂದು ಬರೆದ. ಅವನಿಗೆ ಗಟ್ಟಿ ಪದಗಳ ಹುಚ್ಚು. ಕಡಿದರೆ ಕಟಕ್ ಎನ್ನಬೇಕು.

"ಇದು ಸಿನಿಮಾ ಥಿಯೇಟರ್ ಬಾಗಿಲ ಮೇಲಿರೋ ಬೋರ್ಡು" ಎಂದು ಅಲ್ಪವಿರಾಮ ಬರೆದರು. "'ಬರ್ತೀನಿ' ಅಂತ ಹಾಕಿ."

"ಹೊರಗೆ ಹೋಗೋ ಗುಂಡಿ ಮೇಲೆ ಬರ್ತೀನಿ ಅಂತ ಬರೆದ್ರೆ ಜನ ತಲೆ ಕೆಡಿಸ್ಕೊಳ್ತಾರೆ. ಅರ್ಥ ಉಲ್ಟಾ ಆಗುತ್ತೆ."

"ಉಲ್ಟಾ ಎಲ್ಲಿ ಬಂತು? ನಿಮ್ಮನೆಯಿಂದ ಹೊರಡೋರು ಏನಂತಾರೆ? ಹೋಗ್ತೀನಿ ಅಂತಾರಾ?"

ಹಲ್ಲಣ್ಣನ ಮನೆಯಿಂದ ಹೊರಡುವವರು ಯಾರೂ ಇರಲಿಲ್ಲ. ಹೊರಡಬೇಕಾದರೆ ಮೊದಲು ಬರಬೇಕಲ್ಲ.

ಆದರೂ ಪಟ್ಟು ಬಿಡಲಿಲ್ಲ. ವಾರಗಟ್ಟಲೆ ವಾದ ನಡೆಯಿತು. ಒಂದು ಸಂಜೆ ಡಬ್ಬಿಯಮ್ಮ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು, ದಿನಾ ಹೇಳುವ ಹಾಗೆ "ಬರ್ತೀನಣ್ಣಾ" ಎಂದು ಹೊರಟಳು. ಅಷ್ಟು ದಿನ ಕಿವಿಯ ಮೇಲೆ ಬಿದ್ದು ಜಾರಿ ಹೋಗುತ್ತಿದ್ದ ಮಾತು ಅವತ್ತು ಒಳಗೆ ಇಳಿಯಿತು. ಅವಳು ಮೆಟ್ಟಿಲಿಳಿದು, ಸ್ಕೂಟರ್ ಒದ್ದು, ಅದರ ಸದ್ದು ಬೀದಿಯ ತಿರುವಿನಲ್ಲಿ ಕರಗುವವರೆಗೂ ಅವನು ಕೈಯಲ್ಲಿ ಮೇಣದ ಚಾಕು ಹಿಡಿದುಕೊಂಡೇ ನಿಂತಿದ್ದ. ಹೋದವಳು ಹೋಗಲಿಲ್ಲ ಎಂಬ ಹಾಗೆ ಒಂದು ಸಮಾಧಾನ ಆ ಮಾತಿನಲ್ಲಿತ್ತು. ಮರುದಿನ ಗುಂಡಿಯ ಮುಂದೆ 'ಬರ್ತೀನಿ' ಎಂದು ಬರೆದು, ಕೆಳಗೆ ಸೇರಿಸಿದ: "ಒಪ್ಪಿದೆ ಅಂತಲ್ಲ. ಸದ್ಯಕ್ಕಿರಲಿ."

"ಸೋತೆ ಅನ್ನೋದಕ್ಕೆ ನಿಮ್ಮ ಕಡೆ ಇಷ್ಟುದ್ದ ಹೇಳ್ತಾರಾ?" ಎಂದು ಬರೆದು ಅಲ್ಪವಿರಾಮ ಒಪ್ಪಿಗೆ ಒತ್ತಿದರು.

ಅಲ್ಲಿಗೆ ಜಗಳ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅದೊಂದು ಆಟವಾಯಿತು. ಅಲ್ಪವಿರಾಮ ಕೆಲವು ದಿನ ಕಾಣದಿದ್ದರೆ ಹಲ್ಲಣ್ಣ ಪುಟಕ್ಕೆ ಹೋಗಿ, ಗುಂಡಿಯ ಮುಂದೆ ಬೇಕೆಂದೇ 'ನಿರ್ಗಮನ' ಎಂದು ಬರೆದು ಬರುತ್ತಿದ್ದ. ಬರೆದದ್ದು ಒಪ್ಪಿಗೆಗಾಗಿ ಬಾಗಿಲಲ್ಲಿ ಕಾಯುತ್ತಿತ್ತು. ನಾಳೆಯೋ ನಾಡಿದ್ದೋ ಅವರು ಎಲ್ಲಿದ್ದರೂ ಧಾವಿಸಿ ಬಂದು, 'ಬೇಡ' ಒತ್ತಿ, "ಮತ್ತೆ ಶುರುವಾಯ್ತಾ ನಿಮ್ದು?" ಎಂದು ಉಗಿಯುತ್ತಿದ್ದರು. ಹಲ್ಲಣ್ಣನಿಗೆ ಬೇಕಾಗಿದ್ದು ಆ ಉಗಿತವೇ. ಬೇರೆಯವರು ಬಾಗಿಲು ಬಡಿದು 'ಇದ್ದೀರಾ?' ಎಂದು ಕೇಳುತ್ತಾರೆ. ಹಾಗೆ ನೇರವಾಗಿ ಕೇಳುವ ಧೈರ್ಯ ಇಲ್ಲದವನು ತಪ್ಪು ಪದ ಬರೆದು ಕೇಳುತ್ತಿದ್ದ. ಆ ತಪ್ಪು ಪದ ಒಮ್ಮೆಯೂ ಬಾಗಿಲು ದಾಟಿ ಒಳಗೆ ಹೋಗಿರಲಿಲ್ಲ. ಹೋಗಲು ಅವರು ಬಿಡಬೇಕಲ್ಲ.

ಒಂದು ದಿನ ಅಲ್ಪವಿರಾಮ ಬರೆದರು: "ಕಣ್ಣಿಗೆ ಆಪರೇಷನ್ ಅಂತೆ. ಸ್ವಲ್ಪ ದಿನ ಪರದೆ ನೋಡ್ಬೇಡಿ ಅಂದಿದ್ದಾರೆ. ಬರ್ತೀನಿ."

ಹಲ್ಲಣ್ಣ ಕಾದ. ಕಣ್ಣಿನ ವಿಷಯ, ಅವಸರ ಮಾಡಬಾರದು ಎಂದು ತನಗೆ ತಾನೇ ಹೇಳಿಕೊಂಡ. ಆಪರೇಷನ್ನಿನ ಗಾಯ ಮಾಯುವುದಕ್ಕೆ ಎಷ್ಟು ದಿನ ಬೇಕು ಎಂದು ಡಬ್ಬಿಯಮ್ಮನನ್ನು ಕೇಳಿದ, ಅವಳ ಅತ್ತೆಗೂ ಆಗಿತ್ತು. ಅಷ್ಟು ದಿನ ಕಳೆದು, ಮೇಲೆ ಇನ್ನೊಂದಿಷ್ಟು ಕಳೆದ ಮೇಲೆ ತಡೆಯಲಾರದೆ ಪುಟ ತೆರೆದು 'ನಿರ್ಗಮನ' ಎಂದು ಬರೆದ. ಚರ್ಚೆಯ ಜಾಗದಲ್ಲಿ, "ಕಣ್ಣು ಸರಿ ಹೋಯ್ತಾ? ಹೋಗಿದ್ರೆ ಇದನ್ನ ನೋಡಿ ಉರ್ಕೊಳ್ಳಿ" ಎಂದು ಸೇರಿಸಿದ. ಅಂದು ಮಧ್ಯಾಹ್ನವೆಲ್ಲ ಗೆಲುವಾಗಿ ಕೆಲಸ ಮಾಡಿದ.

ಆ ವಾರವೇ ಗಿಳಿ ಮಾರಾಟವಾಯಿತು.

ಬಿಟ್ಟಿ ಸಿಗುವುದನ್ನು ಮಾರುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಹಲ್ಲಣ್ಣನೂ ಕೇಳಿದ, ಮಾಲೀಕರು ಬಿಡಿಸಿ ಹೇಳಿದರು. ಗಿಳಿಯನ್ನು ಮೊದಲು ಕಟ್ಟಿದ ನಾಲ್ಕಾರು ಜನ ಅದನ್ನು ನೋಡಿಕೊಳ್ಳಲು ಒಂದು ಪುಟ್ಟ ಸಂಸ್ಥೆ ಮಾಡಿಕೊಂಡಿದ್ದರು. ಗಿಳಿಯ ಹೆಸರು, ಚಿತ್ರ, ಪುಟಗಳು ಇರುವ ಯಂತ್ರಗಳು ಎಲ್ಲ ಅದರ ವಶದಲ್ಲಿದ್ದವು. ಈಗ ಒಂದು ಭಾರೀ ಕಂಪನಿ ಆ ಪುಟ್ಟ ಸಂಸ್ಥೆಯನ್ನೇ ಕೊಂಡುಕೊಂಡಿತ್ತು. ಮಾರಿದವರ ಮೇಲೆ ಹರಿಹಾಯ್ದು ಪ್ರಯೋಜನವಿಲ್ಲ. ಅವರಿಗೂ ವಯಸ್ಸಾಗಿತ್ತು, ಊರವರ ದೂರುಗಳನ್ನು ಬಿಟ್ಟಿಯಾಗಿ ಕೇಳಿ ಕೇಳಿ ಸಾಕಾಗಿತ್ತು. ಕೊಂಡವರು ಮಾತ್ರ ಮೊದಲ ದಿನವೇ 'ಏನೂ ಬದಲಾಗುವುದಿಲ್ಲ' ಎಂದು ದೊಡ್ಡ ಅಕ್ಷರದಲ್ಲಿ ಸಾರಿದರು. ಯಾರೂ ಕೇಳದೆಯೇ ಒಬ್ಬರು ಹಾಗೆ ಹೇಳಿದರು ಎಂದರೆ ಎದ್ದು ಚಪ್ಪಲಿ ಹುಡುಕಿಕೊಳ್ಳುವುದು ಒಳ್ಳೆಯದು.

ಗಿಳಿ ನೀಲಿಯಾಯಿತು. ಇನ್ನು ಮುಂದೆ ಬರುವ ಗಿಳಿಯನ್ನು ಬಿಚ್ಚಿ ನೋಡುವ ಹಾಗಿಲ್ಲ, ತಿದ್ದುವ ಹಾಗಿಲ್ಲ ಎಂದಾಯಿತು. ಅನುವಾದವನ್ನು ಯಂತ್ರವೇ ಮಾಡುತ್ತದೆ, ಜನ ಬೇಕಾಗಿಲ್ಲ ಎಂದು ಅನುವಾದದ ಪುಟವನ್ನು ಮುಚ್ಚಿದರು. ಮುಚ್ಚುವ ಮೊದಲು, ಹೊಸದಾಗಿ ಮನೆ ಕೊಂಡವರು ಸುಣ್ಣ ಬಳಿಸುವ ಹಾಗೆ, ಯಾರೋ ಒಬ್ಬರು ಎಲ್ಲ ಭಾಷೆಗಳಲ್ಲೂ ಒಪ್ಪಿಗೆಗಾಗಿ ಬಾಗಿಲಲ್ಲಿ ಕಾಯುತ್ತಿದ್ದ ಮಾತುಗಳನ್ನು ಒಟ್ಟಿಗೆ, ಓದದೆ, ಒಪ್ಪಿಬಿಟ್ಟರು. ಕಸ ಉಳಿಯಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ಮಾಡಿರಬೇಕು.

ಅದು ಹಲ್ಲಣ್ಣನಿಗೆ ಗೊತ್ತಾದದ್ದು ಗಿಳಿಯನ್ನು ಮುಚ್ಚಲು ಹೋದಾಗ. ಮೂಲೆಯ ಗುಂಡಿಯ ಮೇಲೆ 'ನಿರ್ಗಮನ' ಎಂದಿತ್ತು. ಅನುವಾದದ ಪುಟ ತೆರೆದ, ಪುಟವೇ ಇರಲಿಲ್ಲ. ಬದಲಿಗೆ ಅವನ ಹೆಸರಿಗೆ ಒಂದು ಇ-ಮೇಲ್ ಬಂದಿತ್ತು, ಯಂತ್ರ ಬರೆದದ್ದು: 'ಪ್ರಿಯ ಕೊಡುಗೆಯೇ, ನಮ್ಮ ಪ್ರಯಾಣದ ಭಾಗವಾಗಿದ್ದಕ್ಕಾಗಿ ನಾವು ರೋಮಾಂಚನಗೊಂಡಿದ್ದೇವೆ.' ಬೇರೆ ದಿನವಾಗಿದ್ದರೆ ಇದನ್ನು ಅಲ್ಪವಿರಾಮಕ್ಕೆ ತೋರಿಸಿ ಇಬ್ಬರೂ ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದರು. ಹಲ್ಲಣ್ಣ ಅದನ್ನು ಮತ್ತೆ ಮತ್ತೆ ಓದಿದ. ಆಡಿಕೊಳ್ಳಲು ಜಾಗವಿರಲಿಲ್ಲ.

ಅವನನ್ನು ಕೊರೆದದ್ದು ಒಂದೇ ವಿಷಯ. ಅಲ್ಪವಿರಾಮ ಕಣ್ಣು ಸರಿಯಾಗಿ ಬಂದು ಗಿಳಿ ತೆರೆಯುತ್ತಾರೆ. ಗುಂಡಿಯ ಮೇಲೆ 'ನಿರ್ಗಮನ' ಕಾಣುತ್ತದೆ. ಉಗಿಯೋಣವೆಂದರೆ ಪುಟವಿಲ್ಲ. ತಾವು ಆಸ್ಪತ್ರೆಯಲ್ಲಿದ್ದಾಗ ಈ ಹಲ್ಲಿನವರು ಸಮಯ ಸಾಧಿಸಿ ತಮ್ಮ ಪದವನ್ನು ಒಳಗೆ ನುಗ್ಗಿಸಿದರು ಎಂದುಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹೊರಟವರಿಗೆ ಹೇಳುವ ಮಾತಾಗಿ 'ನಿರ್ಗಮನ' ಅವರ ಕಣ್ಣಿಗೆ ಬೀಳುತ್ತದೆ. ಹೇಗಾದರೂ ಮಾಡಿ ಅವರಿಗೆ ಸುದ್ದಿ ಮುಟ್ಟಬೇಕು: ಅದು ಕರೆದದ್ದು, ಕಳಿಸಿದ್ದಲ್ಲ.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ. ಒಂದು ಹುಡುಗಿ ಎತ್ತಿಕೊಂಡಳು. ತಾಳ್ಮೆಯವಳು, ಎಲ್ಲವನ್ನೂ ಕೇಳಿಸಿಕೊಂಡಳು.

"ಸರ್, ಇಲ್ಲಿ ನೋಡ್ತಿದ್ದೀನಿ.. 'ನಿರ್ಗಮನ' ಅಂತ ಸೇರಿಸಿರೋದು ನೀವೇ. ನಿಮ್ಮದೇ ಹೆಸರಿದೆ."

"ನಾನೇ ಕಣಮ್ಮ. ಆದ್ರೆ ಅದು ಒಳಗೆ ಹೋಗ್ಲಿ ಅಂತ ಬರೆದಿದ್ದಲ್ಲ."

"ಮತ್ಯಾಕೆ ಬರೆದ್ರಿ ಸರ್?"

ಹಲ್ಲಣ್ಣ "ಒಬ್ಬರನ್ನ ಕರೆಯೋಕೆ" ಎಂದ.

"ಅದಕ್ಕೆ ಇಲ್ಲಿ ಆಯ್ಕೆ ಇಲ್ಲ ಸರ್."

"ಹೋಗಲಿ, ನನ್ನ ಜೊತೆ ಅನುವಾದ ಮಾಡ್ತಿದ್ರಲ್ಲ, ಅವ್ರಿಗೆ ಒಂದು ಮಾತು ತಿಳಿಸ್ತೀರಾ?"

"ಬೇರೆಯವರ ಮಾಹಿತಿ ಕೊಡೋ ಹಾಗಿಲ್ಲ ಸರ್."

"ಕೊಡೋದು ಬೇಡಮ್ಮ, ತಿಳಿಸಿದ್ರೆ ಸಾಕು."

"ತಿಳಿಸೋ ಹಾಗೂ ಇಲ್ಲ ಸರ್. ಹಳೇ ಪುಟದ್ದೆಲ್ಲ ಅಳಿಸಿದ್ದಾರೆ, ನನಗೆ ಕಾಣೋದು ಕೊನೇಲಿ ಬರೆದವರ ಹೆಸರು ಮಾತ್ರ. ಸಾರಿ ಸರ್. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

"ಇಲ್ಲಮ್ಮ, ಇಡ್ತೀನಿ."

ಫೋನ್ ಇಟ್ಟ ಮೇಲೆ ಹಲ್ಲಣ್ಣನಿಗೆ ಹೊಳೆಯಿತು: ಎದುರಿಗಿದ್ದರೆ ಬರ್ತೀನಿ ಎನ್ನುವವರೆಲ್ಲ ಫೋನಿನಲ್ಲಿ ಇಡ್ತೀನಿ ಎನ್ನುತ್ತಾರೆ. ಇಷ್ಟು ವರ್ಷದ ವಾದದಲ್ಲಿ ತನಗಾಗಲಿ ಅಲ್ಪವಿರಾಮಕ್ಕಾಗಲಿ ಇದು ಹೊಳೆದೇ ಇರಲಿಲ್ಲ. ಹೇಳಬೇಕು ಎಂದುಕೊಂಡು ಕಂಪ್ಯೂಟರಿನ ಕಡೆ ತಿರುಗಿದ. ಆಮೇಲೆ ಕುರ್ಚಿಯನ್ನು ಮತ್ತೆ ಮೇಜಿನ ಕಡೆ ತಿರುಗಿಸಿಕೊಂಡು, ಅರ್ಧಕ್ಕೆ ನಿಂತಿದ್ದ ಒಂದು ಮೇಲ್ದವಡೆಯ ಸೆಟ್ಟನ್ನು ಕೈಗೆತ್ತಿಕೊಂಡ.

ಭಾನುವಾರ ಅಕ್ಕನ ಮುಂದೆ ಬಾಯಿಬಿಟ್ಟ. ಇಷ್ಟು ವರ್ಷದಲ್ಲಿ ಅಕ್ಕನಿಗೆ ಅಲ್ಪವಿರಾಮದ ಸುದ್ದಿ ಹೇಳಿರಲಿಲ್ಲ.

"ಯಾರೋ ಅದು? ಗಂಡಸೋ ಹೆಂಗಸೋ?"

"ಗೊತ್ತಿಲ್ಲಕ್ಕ."

"ಮನೆ ಎಲ್ಲಿ?"

"ಗೊತ್ತಿಲ್ಲ."

"ವಯಸ್ಸು?"

"ಕಣ್ಣಿನ ಆಪರೇಷನ್ ಆಗೋ ವಯಸ್ಸು."

"ಅಯ್ಯೋ ಮಾರಾಯ, ಮತ್ತೇನು ಗೊತ್ತು ನಿನಗೆ ಅವ್ರ ವಿಷಯ?"

ಹಲ್ಲಣ್ಣ "ಅಲ್ಪವಿರಾಮ ಎಲ್ಲೆಲ್ಲಿ ಹಾಕ್ತಾರೆ ಅಂತ ಗೊತ್ತು" ಎಂದ.

ಅಕ್ಕ ನಗಲು ಹೊರಟವಳು ನಗಲಿಲ್ಲ. ತಮ್ಮನ ದನಿಯಲ್ಲಿ ಏನು ಕೇಳಿಸಿತೋ, "ನೀನು ಸರಿಯಾಗಿ ಊಟ ಮಾಡ್ತಿದ್ದೀಯಾ ತಾನೇ?" ಎಂದಳು. ಊಟದ ವಿಷಯ ಮಾತಾಡಿ ಫೋನ್ ಇಟ್ಟರು.

ಇಷ್ಟರಲ್ಲಿ ನೀಲಿ ಗಿಳಿ ತನ್ನ ಬುದ್ಧಿ ತೋರಿಸತೊಡಗಿತು. ಕ್ಲಿನಿಕ್ಕುಗಳು ಕಳಿಸುವ ಬಾಯಿಯ ಫೋಟೋಗಳನ್ನೆಲ್ಲ ತನ್ನ ಬಳಿ ಇಟ್ಟುಕೊಂಡು ತನಗೆ ಬೇಕಾದಂತೆ ಬಳಸಲು ಅಪ್ಪಣೆ ಕೇಳಿತು. ಅಪ್ಪಣೆ ಕೊಡುವವರೆಗೂ ಬಾಗಿಲು ತೆರೆಯುವುದಿಲ್ಲ ಎಂದಿತು. ದಂತವೈದ್ಯರು ಸೊಪ್ಪು ಹಾಕಲಿಲ್ಲ. ಅದೇ ಹೊತ್ತಿಗೆ ಎಲ್ಲೆಲ್ಲೋ ಇದ್ದ ಹಠಮಾರಿಗಳು ಕೆಲವರು ಹಳೆಯ ಪರವಾನಗಿಯನ್ನು ಹಿಡಿದುಕೊಂಡು ಎದ್ದು ನಿಂತರು. ಮಾರಾಟವಾಗಿದ್ದು ಹೆಸರು, ಚಿತ್ರ, ಯಂತ್ರ. ಆಗಲೇ ಹಂಚಿಹೋದ ಗಿಳಿಯನ್ನು ಯಾರೂ ವಾಪಸು ಕಿತ್ತುಕೊಳ್ಳುವಂತಿರಲಿಲ್ಲ. ಬಿಚ್ಚಿ ನೋಡಲು ಬಿಟ್ಟಿದ್ದ ಕೊನೆಯ ಪ್ರತಿಯನ್ನು ತೆಗೆದುಕೊಂಡು, ಹೊಸ ಹೆಸರಿನಲ್ಲಿ, ಹೊಸ ಪುಟಗಳಲ್ಲಿ ಅದನ್ನೇ ಮುಂದುವರಿಸಿದರು. ಲ್ಯಾಬಿನವರೂ ಕ್ಲಿನಿಕ್ಕಿನವರೂ ಅದಕ್ಕೆ ಹಳೇ ಗಿಳಿ ಎಂದು ಹೆಸರಿಟ್ಟು ಎಲ್ಲರೂ ಅತ್ತ ಹಾರಿದರು.

ಹಳೇ ಗಿಳಿಯಲ್ಲಿ ಅನುವಾದದ ಪುಟ ಮತ್ತೆ ಇದೆ ಎಂದು ಕೇಳಿದಾಗ ಹಲ್ಲಣ್ಣ ಅರ್ಧ ಊಟಕ್ಕೇ ಎದ್ದ. ಪುಟ ತೆರೆಯಿತು. ಎಡಕ್ಕೆ ಮೂಲ, ಬಲಕ್ಕೆ ಇವರಿಬ್ಬರು ಬರೆದ ಮಾತುಗಳು, ಎಲ್ಲ ಇದ್ದವು. 'ಸುಮ್ಮನಿದ್ದಿರಿ' ಆದ ಮೇಲಿನ ಅಲ್ಪವಿರಾಮವೂ ಜಾಗದಲ್ಲೇ ಇತ್ತು. ಆದರೆ ಚರ್ಚೆಯ ಜಾಗಗಳೆಲ್ಲ ಖಾಲಿ. ಗುಪ್ತಪದದ ಕೆಳಗಿನ ಕೊಲೆಯ ಮಾತಿಲ್ಲ, ಸೊಟ್ಟ ಹಲ್ಲಿನ ಗಿರಾಕಿ ಇಲ್ಲ, ಕಣ್ಣಿನ ಆಪರೇಷನ್ ಇಲ್ಲ. ಪರವಾನಗಿಯಲ್ಲಿ ಮಾತು ಸೇರಿತ್ತು, ಮಾತುಕತೆ ಸೇರಿರಲಿಲ್ಲ. ಅದು ಕಂಪನಿಯ ಯಂತ್ರದಲ್ಲಿತ್ತು, ಈಗ ಅಲ್ಲೂ ಇರಲಿಲ್ಲ.

ಗುಂಡಿಯ ಮುಂದೆ 'ನಿರ್ಗಮನ' ಎಂದಿತ್ತು. ಕಂಪನಿಯವರು ಸುಣ್ಣ ಬಳಿದ ಮೇಲಿನ ಪ್ರತಿ ತಾನೇ ಆ ಹಠಮಾರಿಗಳಿಗೆ ಸಿಕ್ಕಿದ್ದು.

ಈ ಪುಟಗಳನ್ನು ನೋಡಿಕೊಳ್ಳುವವರೊಬ್ಬರು ಅವನಿಗೆ ಬರೆದಿದ್ದರು: ನಿಮ್ಮ ಭಾಷೆಗೆ ಸದ್ಯ ನೀವೊಬ್ಬರೇ. ಎರಡನೆಯವರು ಸಿಗುವವರೆಗೆ ನೀವು ಬರೆದದ್ದನ್ನು ನೀವೇ ಒಪ್ಪಬಹುದು, ಅದಕ್ಕೆ ಅನುಮತಿ ಕೊಟ್ಟಿದ್ದೇವೆ.

ಎರಡು ಸಲ ಒತ್ತಿದರೆ ಮುಗಿಯಿತು, ತಪ್ಪು ಸರಿಹೋಗುತ್ತಿತ್ತು. ಹಲ್ಲಣ್ಣ ಒತ್ತಲಿಲ್ಲ. ಅಲ್ಪವಿರಾಮ ಈ ಹಳೇ ಗಿಳಿಗೆ ಬಂದೇ ಬರುತ್ತಾರೆ, ನೀಲಿ ಗಿಳಿಯನ್ನು ಸಹಿಸುವ ಜೀವ ಅದಲ್ಲ. ಬಂದವರು 'ನಿರ್ಗಮನ' ನೋಡಿದರೆ ಉರಿದುಕೊಂಡು ಪುಟಕ್ಕೆ ಧಾವಿಸುತ್ತಾರೆ. ಸರಿಪಡಿಸಿಬಿಟ್ಟರೆ ಧಾವಿಸಲು ಏನಿರುತ್ತದೆ? ತಪ್ಪನ್ನು ಇದ್ದ ಹಾಗೇ ಬಿಟ್ಟ. ಅವರನ್ನು ಕರೆಯಲು ಅವನ ಹತ್ತಿರ ಇದ್ದದ್ದು ಅದೊಂದೇ, ಅದನ್ನೂ ಅಳಿಸಿದರೆ ಅವರು ಬರುವುದಿಲ್ಲ ಎಂದು ತಾನೇ ಒಪ್ಪಿದಂತೆ ಎಂದು ಅವನಿಗೆ ಅನಿಸಿತು.

ದಿನಾ ಮಧ್ಯಾಹ್ನ ಪುಟ ತೆರೆದು ಕೂರುತ್ತಿದ್ದ. ಬೇರೇನೂ ಒತ್ತದೆ ನೋಡುತ್ತಾ ಕೂತರೆ ಸ್ವಲ್ಪ ಹೊತ್ತಿಗೆ ಪರದೆ ಮಸುಕಾಗಿ, 'ಬಹಳ ಹೊತ್ತು ಸುಮ್ಮನಿದ್ದಿರಿ, ಮತ್ತೆ ಒಳಗೆ ಬನ್ನಿ' ಎನ್ನುತ್ತಿತ್ತು. ಮತ್ತೆ ಒಳಗೆ ಹೋಗುತ್ತಿದ್ದ. ಮೆಟ್ಟಿಲ ಮೇಲೆ ಕಾಲುಗಳು ಹತ್ತಿ ಇಳಿಯುತ್ತಿದ್ದವು. ಅಷ್ಟು ಕಾಲುಗಳಲ್ಲಿ ಯಾರಾದರೂ ಕಪ್ಪು ಕನ್ನಡಕದವರು ಇರಬಹುದೇ ಎಂದು ಒಂದೊಂದು ಸಲ ಅನಿಸುತ್ತಿತ್ತು. ಅದು ಹುಚ್ಚು ಎಂದು ಅವನಿಗೇ ಗೊತ್ತಿತ್ತು; ಎದ್ದು ಕಿಟಕಿ ಮುಚ್ಚುತ್ತಿದ್ದ. ಹೊಸ ಮಾತುಗಳು ಬಂದರೆ ಬರೆದು, ತಾನೇ ಒಪ್ಪುವ ಬದಲು ಬಾಗಿಲಲ್ಲೇ ಕಾಯಲು ಬಿಡುತ್ತಿದ್ದ. ಕಾಯುವ ಸಾಲು ಬೆಳೆಯುತ್ತಾ ಹೋಯಿತು.

ಒಂದು ಸಂಜೆ ಡಬ್ಬಿಯಮ್ಮ ಫೋನ್ ಹಿಡಿದುಕೊಂಡೇ ಒಳಗೆ ಬಂದಳು.

"ಅಣ್ಣಾ, ಈ ಗಿಳೀಲಿ ಇದನ್ಯಾರು ಹಾಳು ಮಾಡಿದ್ದು? ಮುಂಚೆ ಬರ್ತೀನಿ ಅಂತಿತ್ತು. ಡಬ್ಬಿ ಎಲ್ಲಾ ಮುಟ್ಟಿಸಿ ಕೊನೇಲಿ ಒತ್ತುವಾಗ ನಾನೂ ಬಾಯಲ್ಲಿ ಬರ್ತೀನಿ ಅಂದ್ಕೊಂಡೇ ಒತ್ತುತ್ತಿದ್ದೆ. ಅಲ್ಲಿಗೆ ಕೆಲ್ಸ ಮುಗೀತು ಅಂತ ಸಮಾಧಾನ. ಈಗ ನೋಡಿದ್ರೆ ನಿರ್ಗಮನ ಅಂತೆ. ಯಾರೋ ಕತ್ತು ಹಿಡಿದು ಆಚೆ ದಬ್ಬಿದಂಗಾಗುತ್ತೆ."

ಹಲ್ಲಣ್ಣ ಮೇಣದ ದೀಪ ಆರಿಸಿದ. "ನಾನೇ ಮಾಡಿದ್ದು."

"ನೀವಾ?" ಅವಳಿಗೆ ನಂಬಿಕೆ ಬರಲಿಲ್ಲ. "ಮೊದಲಿಂದು ಯಾರು ಬರೆದಿದ್ದು ಮತ್ತೆ?"

"ನನ್ನ ಸ್ನೇಹಿತರು."

"ಎಷ್ಟು ಚೆಂದ ಇತ್ತು. ಅವ್ರಾದ್ರೂ ಸುಮ್ಮನಿದ್ರಾ, ನೀವು ಹಿಂಗೆ ಮಾಡಿದ್ದಕ್ಕೆ?"

"ಅವ್ರು ಇಲ್ಲ" ಎಂದ ಹಲ್ಲಣ್ಣ. ಅಂದ ಮೇಲೆ ತನ್ನ ಬಾಯಿಂದ ಬಂದ ಮಾತು ತನಗೇ ಕೇಳಿಸಿತು. "ಅಂದ್ರೆ, ಊರಲ್ಲಿಲ್ಲ" ಎಂದು ಸೇರಿಸಿದ.

ಡಬ್ಬಿಯಮ್ಮ ಡಬ್ಬಿಗಳನ್ನು ಚೀಲಕ್ಕಿಟ್ಟುಕೊಂಡು, ಬಾಗಿಲ ಹತ್ತಿರ ನಿಂತು, "ಬರ್ತೀನಣ್ಣಾ" ಎಂದು ಹೊರಟಳು.

ಮಾರನೇ ಮಧ್ಯಾಹ್ನ ಹಲ್ಲಣ್ಣ ಊಟಕ್ಕೆ ಮೊದಲೇ ಕೈ ತೊಳೆದು ಪುಟ ತೆರೆದ. ತಾನು ಒಬ್ಬರನ್ನು ಕರೆಯುತ್ತಾ ಕೂತು, ಅವರು ಊರಿಗೆಲ್ಲ ಕೊಟ್ಟುಹೋದ ಮಾತನ್ನು ಬಚ್ಚಿಟ್ಟುಕೊಂಡಿದ್ದೇನೆ ಎಂಬುದು ಅವನಿಗೆ ರಾತ್ರಿಯೆಲ್ಲ ಚುಚ್ಚಿತ್ತು. ಅಲ್ಪವಿರಾಮ ಇದ್ದಿದ್ದರೆ ಇದಕ್ಕೆ ಎಂಥ ಉಗಿತ ಸಿಗುತ್ತಿತ್ತು ಎಂದು ಯೋಚಿಸಿದ. 'ನಿರ್ಗಮನ' ಅಳಿಸಿದ. 'ಬರ್ತೀನಿ' ಎಂದು ಬರೆದ. ಖಾಲಿ ಇದ್ದ ಚರ್ಚೆಯ ಜಾಗದಲ್ಲಿ, ಇಷ್ಟು ವರ್ಷ ಹೇಳದೇ ಉಳಿಸಿಕೊಂಡಿದ್ದನ್ನು ಬರೆದ: "ನೀವು ಹೇಳಿದ್ದೇ ಸರಿ, ಮೊದಲಿಂದಲೂ." 'ಸರಿ' ಆದ ಮೇಲೆ ಒಂದು ಅಲ್ಪವಿರಾಮ ಬೇಕಾಗಿತ್ತು, ಹಾಕಿದ್ದ.

ಮಾತು ಒಪ್ಪಿಗೆಗಾಗಿ ಬಾಗಿಲಲ್ಲಿ ನಿಂತಿತು. ಹಲ್ಲಣ್ಣ ಎದ್ದು ಹೋಗಿ ಊಟ ಮಾಡಿದ. ಒಂದು ಸೆಟ್ಟಿಗೆ ಹೊಳಪು ಕೊಟ್ಟ. ನೀರಿನಲ್ಲಿ ತೊಳೆದು ಡಬ್ಬಿಗೆ ಹಾಕಿ ನಂಬರ್ ಬರೆದ. ಮತ್ತೆ ಬಂದು ನೋಡಿದ. ಮಾತು ಅಲ್ಲೇ ಇತ್ತು, ಪಕ್ಕದಲ್ಲಿ 'ಒಪ್ಪಿಗೆ' ಎಂಬ ಗುಂಡಿ ಹಾಗೇ ಇತ್ತು. ಯಾರೂ ಬಂದಿರಲಿಲ್ಲ.

ಕುರ್ಚಿಯಲ್ಲಿ ಕೂತು, ಕೈಯ ಬಿಳೀ ಧೂಳನ್ನು ಅಂಗಿಗೆ ಒರೆಸಿಕೊಂಡು, ಅಲ್ಪವಿರಾಮ ಒತ್ತಬೇಕಾಗಿದ್ದ ಆ ಗುಂಡಿಯನ್ನು ತಾನೇ ಒತ್ತಿದ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಮೂಡಿತು.

ಬರೆದವರು: ಹಲ್ಲು. ಒಪ್ಪಿದವರು: ಹಲ್ಲು.